ಲೀಸಿಗೆ ತಂದ ಕೇಮನ್ ಜಿಟಿಎಸ್ 4.0: ಕಾರಿಗೆ ಪೂರ್ಣ ಅಂಕ, ಕಾಗದಪತ್ರಕ್ಕೆ ಅರ್ಧ

ಲೀಸಿಗೆ ತಂದ ಕಾರನ್ನು ಕೈಯಿಂದ ದುಡ್ಡು ಹಾಕಿ ಸಿಂಗರಿಸುವುದು ಹುಚ್ಚುತನವಲ್ಲವೇ ಎಂದು ನನ್ನ ಗಂಡ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದಾಖಲೆಯಲ್ಲಿ ಮಾಲೀಕರು ಲೀಸ್ ಕಂಪನಿಯವರು. ಅವಧಿ ಮುಗಿದ ದಿನ ಕಾರು ಅವರ ಅಂಗಳಕ್ಕೆ ಹೋಗಬೇಕು. ಅಷ್ಟರೊಳಗೆ ನಾವು ಅಂಟಿಸಿದ್ದು, ಬಿಗಿಸಿದ್ದು, ಬಳಿದದ್ದನ್ನೆಲ್ಲ ಒಂದೋ ಬಿಚ್ಚಿಕೊಳ್ಳಬೇಕು, ಇಲ್ಲವೇ ಅವರಿಗೆ ಧಾರೆಯೆರೆಯಬೇಕು. ಆದರೂ ನಾನು ಪೋರ್ಷೆ 718 ಕೇಮನ್ ಜಿಟಿಎಸ್ 4.0 ಕಾರನ್ನು ಮೂರು ವರ್ಷದ ಲೀಸಿಗೆ ತಂದೆ, ನನಗೆ ಬೇಕಾದಂತೆ ತಿದ್ದಿಸಿಕೊಂಡೆ. ಹೊಟ್ಟೆಪಾಡಿಗೆ ಲೆಕ್ಕಪರಿಶೋಧನೆ ಮಾಡುವವಳು ನಾನು. ಈ ವಿಮರ್ಶೆಯಲ್ಲಿ ಎಂಜಿನ್ನಿಗಿಂತ ಒಪ್ಪಂದದ ಸಣ್ಣಕ್ಷರಗಳೇ ಹೆಚ್ಚು ಜಾಗ ತಿಂದಿದ್ದರೆ ಅದು ವೃತ್ತಿದೋಷ.

ಆದರೂ ಕಾರಿನ ಮಾತು ಮೊದಲು. 2016ರಲ್ಲಿ ಕೇಮನ್‌ಗೆ 718 ಎಂಬ ಸಂಖ್ಯೆ ಬಂದಾಗ ಆರು ಸಿಲಿಂಡರಿನ ಎಂಜಿನ್ ಹೋಗಿ ಗಾಳಿಯನ್ನು ಒತ್ತಿ ತುಂಬುವ ನಾಲ್ಕು ಸಿಲಿಂಡರಿನ ಟರ್ಬೊ ಬಂದಿತ್ತು. ವೇಗಕ್ಕೆ ಕೊರತೆಯಿರಲಿಲ್ಲ, ದನಿ ಮಾತ್ರ ಅನೇಕರಿಗೆ ಹಿಡಿಸಲಿಲ್ಲ. 2020ರ ಜನವರಿಯಲ್ಲಿ ಪ್ರಕಟವಾದ ಜಿಟಿಎಸ್ 4.0 ಆ ಮುನಿಸಿಗೆ ಉತ್ತರ: ಟರ್ಬೊ ಇಲ್ಲದ, ಸೀಟಿನ ಬೆನ್ನಿಗೇ ಕುಳಿತ, 3,995 ಸಿಸಿಯ ಆರು ಸಿಲಿಂಡರಿನ ಬಾಕ್ಸರ್ ಎಂಜಿನ್, ಅಂದರೆ ಪಾರ್ಶ್ವಕ್ಕೆ ಮೂರರಂತೆ ಸಿಲಿಂಡರುಗಳು ಅಡ್ಡ ಮಲಗಿರುವಂಥದ್ದು. 400 ಅಶ್ವಶಕ್ತಿ, ಮ್ಯಾನುಯಲ್ ಗೇರಿನಲ್ಲಿ 420 ನ್ಯೂಟನ್ ಮೀಟರ್ ಟಾರ್ಕ್, ನಿಮಿಷಕ್ಕೆ 7,800 ಸುತ್ತಿನವರೆಗೂ ಏರುವ ಸೂಜಿ. ಕಂಪನಿಯ ಲೆಕ್ಕದಲ್ಲಿ ಗಂಟೆಗೆ 100 ಕಿ.ಮೀ. ಮುಟ್ಟಲು ಮ್ಯಾನುಯಲ್‌ಗೆ 4.5 ಸೆಕೆಂಡು ಬೇಕು, ಎರಡು ಕ್ಲಚ್ಚಿನ ಪಿಡಿಕೆ ಗೇರ್‌ಬಾಕ್ಸಿಗೆ 4 ಸೆಕೆಂಡು ಸಾಕು. ನಾನು ಆ ಅರ್ಧ ಸೆಕೆಂಡನ್ನು ಬಿಟ್ಟುಕೊಟ್ಟು ಮೂರು ಪೆಡಲ್‌ಗಳನ್ನು ಆರಿಸಿಕೊಂಡೆ.

ಬಿಟ್ಟುಕೊಟ್ಟದ್ದಕ್ಕೆ ಪ್ರತಿಫಲವಿದೆ. ನಾಲ್ಕು ಸಾವಿರ ಸುತ್ತಿನ ಕೆಳಗೆ ಈ ಎಂಜಿನ್ ಸಭ್ಯ ನೌಕರನಂತೆ ವರ್ತಿಸುತ್ತದೆ. ಐದು ಸಾವಿರ ದಾಟಿದ ಮೇಲೆ ದನಿ ಗಟ್ಟಿಯಾಗುತ್ತದೆ, ಆರೂವರೆಯ ನಂತರ ತಲೆಯ ಹಿಂದಿನ ಗಾಜೇ ಹಾಡತೊಡಗುತ್ತದೆ. ಬಲಗಾಲನ್ನು ಒಂದು ಎಳೆಯಷ್ಟು ಒತ್ತಿದರೆ ಒಂದು ಎಳೆಯಷ್ಟೇ ಬಲ ಬರುತ್ತದೆ. ಟರ್ಬೊ ಕಾರುಗಳಲ್ಲಿ ಈ ನಿಯತ್ತು ಸಿಗುವುದು ಕಷ್ಟ. ಸ್ಟಿಯರಿಂಗ್‌ಗೆ ವಿದ್ಯುತ್ ನೆರವಿದ್ದರೂ ರಸ್ತೆಯ ಸುದ್ದಿ ಅಂಗೈಗೆ ತಲುಪುತ್ತದೆ.

ಇನ್ನು ಆಕ್ಷೇಪಗಳು. ಗೇರುಗಳ ಅನುಪಾತ ಅತಿ ಉದ್ದ. ಎರಡನೇ ಗೇರಿನಲ್ಲೇ ಗಂಟೆಗೆ 130 ಕಿ.ಮೀ. ದಾಟಿಬಿಡುತ್ತದೆ. ಅಂದರೆ ಸಾರ್ವಜನಿಕ ರಸ್ತೆಯಲ್ಲಿ ಎಂಜಿನ್ನಿನ ಪೂರ್ತಿ ಆಲಾಪ ಕೇಳಬೇಕಾದರೆ ಮೊದಲನೇ ಗೇರಿಗೇ ತೃಪ್ತಿಪಟ್ಟುಕೊಳ್ಳಬೇಕು. ಹಗುರವಾಗಿ ಓಡಿಸುವಾಗ ಇಂಧನ ಉಳಿಸಲು ಒಂದು ಪಾರ್ಶ್ವದ ಮೂರು ಸಿಲಿಂಡರುಗಳು ಸರದಿಯಂತೆ ವಿರಮಿಸುತ್ತವೆ. ಅಂಥ ಹೊತ್ತಿನಲ್ಲಿ ಸದ್ದು ತುಸು ಒಡಕಲಾಗುವುದು ನನ್ನ ಕಿವಿಗೆ ಗೊತ್ತಾಗುತ್ತದೆ, ಗಂಡನ ಕಿವಿಗೆ ಗೊತ್ತಾಗುವುದಿಲ್ಲ. ಒಳಾಂಗಣದ ಪರದೆ ಹಿಂದಿನ ಕಾಲದ್ದು. ನನಗೆ ಅದೇ ಇಷ್ಟ, ಗುಂಡಿಗಳು ಗುಂಡಿಗಳಾಗಿಯೇ ಇವೆ. ಸಾಮಾನಿಗೆ ಮುಂದೊಂದು, ಹಿಂದೊಂದು ಡಿಕ್ಕಿ ಇರುವುದರಿಂದ ಎರಡು ಆಸನದ ಕಾರೆಂದು ಯಾರೂ ಗೊಣಗುವಂತಿಲ್ಲ.

ಈಗ ಲೀಸಿನ ಲೆಕ್ಕ. ಕಾರಿನ ಬೆಲೆ 100 ಎಂದುಕೊಳ್ಳಿ. ಅವಧಿಯ ಕೊನೆಗೆ ಅದು 58ಕ್ಕೆ ಬಾಳುತ್ತದೆಂದು ಲೀಸ್ ಕಂಪನಿ ಮೊದಲೇ ಬರೆದಿಡುತ್ತದೆ. ಅದು ಉಳಿಕೆ ಮೌಲ್ಯ. ನಾವು ತುಂಬಿಕೊಡಬೇಕಾದ ಸವಕಳಿ 42. ಇಷ್ಟನ್ನು ಎಲ್ಲ ಪ್ರತಿನಿಧಿಗಳೂ ನಗುನಗುತ್ತಾ ವಿವರಿಸುತ್ತಾರೆ. ಬಡ್ಡಿ ಆ 42ರ ಮೇಲಷ್ಟೇ ಅಲ್ಲ ಎಂಬಲ್ಲಿಗೆ ಬಂದಾಗ ದನಿ ಇಳಿಯುತ್ತದೆ. ಕಾರಿನಲ್ಲಿ ತೊಡಗಿರುವ ಅವರ ಹಣ ಮೊದಲ ದಿನ 100, ಕೊನೆಯ ದಿನ 58. ಆದ್ದರಿಂದ ಬಡ್ಡಿ ಬೀಳುವುದು ಸರಾಸರಿ 79ರ ಮೇಲೆ. ಇದರಲ್ಲಿ ಮೋಸವಿಲ್ಲ, ಆದರೆ ಕಂತಿನ ಅಂಕಿಯೊಂದನ್ನೇ ನೋಡಿ ಸಹಿ ಹಾಕುವವರಿಗೆ ಇದು ಕಾಣುವುದೂ ಇಲ್ಲ.

ಮುಂಗಡ ಹೆಚ್ಚು ಕೊಟ್ಟರೆ ಕಂತು ಇಳಿಯುತ್ತದೆ ಎಂಬ ಆಮಿಷವನ್ನು ನಾನು ಒಪ್ಪಲಿಲ್ಲ. ಮನೆಗೆ ತಂದ ಮಾರನೇ ವಾರವೇ ಕಾರು ರಿಪೇರಿಯಾಗದಷ್ಟು ಜಜ್ಜಿಹೋದರೆ ವಿಮೆಯ ಹಣ ಹೋಗುವುದು ಮಾಲೀಕರಿಗೆ, ಅಂದರೆ ಲೀಸ್ ಕಂಪನಿಗೆ. ನಮ್ಮ ಮುಂಗಡ ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ. ಹಾಗಾಗಿ ಮುಂಗಡ ಶೂನ್ಯ. ವಿಮೆಯ ಪರಿಹಾರಕ್ಕೂ ಲೀಸಿನ ಬಾಕಿಗೂ ನಡುವಿನ ಅಂತರ ತುಂಬುವ ಹೆಚ್ಚುವರಿ ವಿಮೆ ಮಾತ್ರ ಕಡ್ಡಾಯವೆಂದು ಬರೆಸಿಕೊಂಡೆ. ಕಿಲೋಮೀಟರಿನ ಮಿತಿಯನ್ನೂ ಧಾರಾಳವಾಗಿ ಕೇಳಿ ಪಡೆದೆ. ಕೊನೆಯಲ್ಲಿ ದಂಡದ ದರದಲ್ಲಿ ಕೊಳ್ಳುವ ಕಿಲೋಮೀಟರಿಗಿಂತ ಮೊದಲೇ ಕೊಂಡದ್ದು ಅಗ್ಗ.

ಆರ್ಡರ್ ಹಾಳೆ ತುಂಬಿಸುವ ದಿನ ಲೀಸ್ ಕಂಪನಿಯ ಪ್ರತಿನಿಧಿ ನನ್ನ ಗಂಡನತ್ತ ತಿರುಗಿ, “ಸರ್, ಬ್ರೇಕು ಸೆರಾಮಿಕ್ ಹಾಕಿಸೋಣವೇ?” ಎಂದರು. ಗಂಡ ನನ್ನತ್ತ ಕೈತೋರಿಸಿ ತಮ್ಮ ಮೊಬೈಲಿಗೆ ಮರಳಿದರು.

“ನಿಮ್ಮ ಕೋಷ್ಟಕದಲ್ಲಿ ಯಾವ ಯಾವ ಆಯ್ಕೆಗೆ ಉಳಿಕೆ ಮೌಲ್ಯ ಕೊಡುತ್ತೀರಿ ಅಂತ ತೋರಿಸಿ” ಎಂದೆ.

“ಮೇಡಂ, ಅದು ನಮ್ಮ ಒಳಗಿನ ಲೆಕ್ಕ.”

“ಕಂತು ಕಟ್ಟುವವಳು ಹೊರಗಿನವಳಲ್ಲವಲ್ಲ, ತೋರಿಸಿ.”

ತೋರಿಸಿದರು. ಇಡೀ ವ್ಯವಹಾರದ ಗುಟ್ಟು ಆ ಕೋಷ್ಟಕದಲ್ಲಿತ್ತು. 10ರ ಬೆಲೆಯ ಆಯ್ಕೆಯೊಂದಕ್ಕೆ ಉಳಿಕೆ ಮೌಲ್ಯ ಸಿಕ್ಕರೆ ಮೂರು ವರ್ಷಕ್ಕೆ ನಾನು ತೆರುವುದು 4.2 ಮತ್ತು ಬಡ್ಡಿ. ಸಿಗದಿದ್ದರೆ ಪೂರ್ತಿ 10 ಮತ್ತು ಬಡ್ಡಿ. ಅಂದರೆ ಬಡ್ಡಿ ಬಿಟ್ಟು ನೋಡಿದರೆ ಒಂದೇ ಬೆಲೆಯ ಎರಡು ವಸ್ತುಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟಿಗಿಂತ ದುಬಾರಿ! ಹೊಲಿಗೆಯ ದಾರದ ಬಣ್ಣ, ಬಣ್ಣದ ಸೀಟ್‌ಬೆಲ್ಟ್, ಹವಾಕಿಂಡಿಯ ಚರ್ಮದ ಹೊದಿಕೆ ಎಲ್ಲವೂ ಶೂನ್ಯದ ಸಾಲಿನಲ್ಲಿದ್ದವು. ಹೊಡೆದುಹಾಕಿದೆ. ಕಾರ್ಬನ್ ನಾರಿನ ಬಕೆಟ್ ಸೀಟಿಗೆ ಮೌಲ್ಯವಿತ್ತು. ಅವನ್ನು ಆಮೇಲೆ ಹಾಕಿಸಿಕೊಳ್ಳುವುದು ದೊಡ್ಡ ತಲೆನೋವು ಕೂಡ, ಬರೆಸಿದೆ. ಬೆನ್ನೊರಗು ಹಿಂದಕ್ಕೆ ಬಾಗುವುದಿಲ್ಲ, ಇಳಿಯುವಾಗ ಒಂದು ಕಾಲನ್ನು ಹೊರಗಿಟ್ಟು ಕೈಯೂರಿ ಏಳಬೇಕು. ನನ್ನ ಅತ್ತೆ ಒಮ್ಮೆ ಕುಳಿತವರು ಎರಡನೇ ಬಾರಿ ಹತ್ತಲಿಲ್ಲ. ಆದರೆ ತಿರುವಿನಲ್ಲಿ ಸೊಂಟವನ್ನು ಹಿಡಿದುಕೊಳ್ಳುವ ರೀತಿಗೆ ಬೇರೆ ಸಾಟಿಯಿಲ್ಲ.

ಸೆರಾಮಿಕ್ ಬ್ರೇಕು ಬೇಡವೆಂದೆ. ಅದೇ ಅಳತೆಯ ಎರಕದ ಕಬ್ಬಿಣದ ಡಿಸ್ಕಿಗಿಂತ ಅವು ಸುಮಾರು ಅರ್ಧದಷ್ಟು ಹಗುರ, ಚಕ್ರಕ್ಕೆ ಕಪ್ಪು ಪುಡಿ ಮೆತ್ತುವುದೂ ತೀರಾ ಕಡಿಮೆ. ಆದರೆ ಯಾರೋ ಅಜಾಗರೂಕತೆಯಿಂದ ಚಕ್ರ ಬಿಚ್ಚುವಾಗ ಡಿಸ್ಕಿನ ಅಂಚಿಗೆ ತಗುಲಿಸಿ ಚಕ್ಕೆ ಎಬ್ಬಿಸಿದರೆ ಹಿಂದಿರುಗಿಸುವ ದಿನ ಬಿಲ್ಲು ನನ್ನ ಹೆಸರಿಗೆ. ಬರಿಯ ರಸ್ತೆಯಲ್ಲಿ ಓಡಿಸುವವರಿಗೆ ಕೆಂಪು ಕ್ಯಾಲಿಪರಿನ (ಡಿಸ್ಕನ್ನು ಕಚ್ಚಿ ಹಿಡಿಯುವ ಭಾಗ) ಸಾಧಾರಣ ಬ್ರೇಕೇ ಧಾರಾಳ. ಲೆಕ್ಕವನ್ನೆಲ್ಲ ಗಾಳಿಗೆ ತೂರಿ ಆರಿಸಿದ್ದು ಒಂದನ್ನೇ, ಬಣ್ಣ. ಪೈಥಾನ್ ಗ್ರೀನ್. ಅದಕ್ಕೂ ಶೂನ್ಯವೇ. ಇರಲಿ, ಜೀವನದಲ್ಲಿ ಒಂದು ಕಲಮಾದರೂ ಸಮರ್ಥನೆ ಕೇಳದೆ ಇರಬೇಕು.

ಕಾರು ಬಂದ ಮೇಲೆ ಮಾಡಿಸಿದ ಬದಲಾವಣೆಗಳಿಗೆ ನನ್ನದು ಒಂದೇ ಷರತ್ತು: ಬಿಚ್ಚಿದರೆ ಗುರುತು ಉಳಿಯಬಾರದು. ಲೀಸ್ ಒಪ್ಪಂದದಲ್ಲಿ “ಲಿಖಿತ ಒಪ್ಪಿಗೆಯಿಲ್ಲದೆ ಮಾರ್ಪಾಡು ಸಲ್ಲದು, ಬಿಚ್ಚಲಾಗದ ಜೋಡಣೆಗಳು ಕಂಪನಿಯ ಸ್ವತ್ತು” ಎಂಬ ಕಲಮು ಇತ್ತು. ಏನೇನು ಮಾಡಿಸುತ್ತೇನೆಂದು ಪಟ್ಟಿ ಬರೆದು ಒಪ್ಪಿಗೆ ಕೇಳಿದೆ. ಉತ್ತರಕ್ಕೆ ಅವರು ತೆಗೆದುಕೊಂಡ ಸಮಯದಲ್ಲಿ ಕಾರ್ಖಾನೆ ಇನ್ನೊಂದು ಕಾರನ್ನು ಕಟ್ಟಿಬಿಡುತ್ತಿತ್ತೇನೋ. ಅರ್ಧ ಅಂಕ ಕಳೆದದ್ದು ಇಲ್ಲಿ.

ಮೊದಲ ಕೆಲಸ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್. ಮುಂದಿನ ಬಂಪರ್, ಬಾನೆಟ್, ಕನ್ನಡಿಗಳು ಎಲ್ಲರೂ ಮಾಡಿಸುವ ಜಾಗಗಳು. ಈ ಕಾರಿನಲ್ಲಿ ನಿಜವಾಗಿ ಪೆಟ್ಟು ತಿನ್ನುವುದು ಬಾಗಿಲ ಹಿಂದೆ ಉಬ್ಬಿಕೊಂಡಿರುವ ಸೊಂಟ, ಎಂಜಿನ್ನಿಗೆ ಗಾಳಿ ಹೋಗುವ ಕಿಂಡಿಯ ಸುತ್ತ. ಮುಂದಿನ ಟೈರು ಎಸೆಯುವ ಕಲ್ಲುಗಳೆಲ್ಲ ಅಲ್ಲಿಗೇ ಬಡಿಯುತ್ತವೆ. ಅಂಟಿಸುವವರನ್ನು ನಾನು ಕೇಳಿದ್ದು ಒಂದೇ ಪ್ರಶ್ನೆ: “ಬ್ಲೇಡು ನನ್ನ ಬಣ್ಣದ ಮೇಲೆ ಆಡುತ್ತದೆಯೇ?” ಒಬ್ಬರು, “ನಮ್ಮ ಹುಡುಗರ ಕೈ ಹಗುರ ಮೇಡಂ” ಎಂದರು. ಎದ್ದು ಬಂದೆ. ಇನ್ನೊಬ್ಬರು ಕಂಪ್ಯೂಟರಿನಲ್ಲಿ ನನ್ನ ಕಾರಿನ ನಕ್ಷೆ ತೆರೆದು, ಯಂತ್ರವೇ ಮೊದಲು ಕತ್ತರಿಸಿಕೊಡುವುದನ್ನು ತೋರಿಸಿದರು. ಕೆಲಸ ಅವರಿಗೇ.

ಅವರು ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಸೋಪಿನ ನೀರು ಚಿಮುಕಿಸಿ ಫಿಲ್ಮನ್ನು ತೇಲಿಬಿಟ್ಟು, ಸರಿಯಾದ ಜಾಗಕ್ಕೆ ಜಾರಿಸಿ, ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರನ್ನು ತಳ್ಳುತ್ತಾರೆ. ಬಂಪರಿನ ಮೂಲೆಯಲ್ಲಿ ಎರಡು ದಿಕ್ಕಿಗೆ ಬಾಗಿದ ಕಡೆ ಮಾತ್ರ ಉಸಿರು ಬಿಗಿಹಿಡಿಯುತ್ತಾರೆ. ಹೆಚ್ಚು ಎಳೆದರೆ ಅಂಟಿನ ಗೆರೆಗಳು ಮೂಡಿ ಹಾಗೆಯೇ ಉಳಿಯುತ್ತವೆ, ಕಡಿಮೆ ಎಳೆದರೆ ಸುಕ್ಕು. ಬಾನೆಟ್ಟಿನ ಅಂಚಿನಲ್ಲಿ ಫಿಲ್ಮನ್ನು ಒಳಕ್ಕೆ ಮಡಚಿದ್ದರಿಂದ ಕೊನೆಯ ಗೆರೆ ಕಣ್ಣಿಗೆ ಬೀಳುತ್ತಿರಲಿಲ್ಲ. ಪಾಲಿಯುರೆಥೇನ್ ಆದ್ದರಿಂದ ಒರೆಸುವ ಬಟ್ಟೆಯಿಂದಾದ ಸಣ್ಣ ಗೀರುಗಳು ಬಿಸಿಲಿಗೆ ತಾವೇ ಮಾಯುತ್ತವೆ. ಆಳದ ಕಲ್ಲೇಟು ಮಾಯುವುದಿಲ್ಲ. ಮಾಯುತ್ತದೆಂದು ಹೇಳುವವರನ್ನು ನಂಬಬೇಡಿ.

ಎರಡನೆಯದು ಚಕ್ರಗಳ ಜೋಡಣೆ, ಅಂದರೆ ಅವು ನಿಲ್ಲುವ ಕೋನ ತಿದ್ದುವ ಅಲೈನ್‌ಮೆಂಟ್. ನನ್ನ ಮಟ್ಟಿಗೆ ಕೊಟ್ಟ ಹಣಕ್ಕೆ ಅತಿ ಹೆಚ್ಚು ಸಿಕ್ಕಿದ್ದು ಇದರಲ್ಲೇ. ಮುಂದಿನ ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಕಂಬದ (ಸ್ಟ್ರಟ್) ತಲೆಯನ್ನು ಒಳಕ್ಕೆ ಸರಿಸಿ, ಕಾರ್ಖಾನೆ ಅನುಮತಿಸಿದ ಮಿತಿಯೊಳಗೇ, ಮುಂದಿನ ಚಕ್ರಗಳ ಮೇಲ್ಭಾಗ ಸಾಧ್ಯವಾದಷ್ಟು ಒಳಗೆ ವಾಲುವಂತೆ ಮಾಡಿಸಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಲೀಸ್ ಕಂಪನಿಗೆ ತಕರಾರು ಎತ್ತಲು ಏನೂ ಸಿಗುವುದಿಲ್ಲ. ಆದರೆ ಇಕ್ಕಟ್ಟಿನ ತಿರುವಿನಲ್ಲಿ ಮೂತಿ ಹೊರಕ್ಕೆ ಜಾರುತ್ತಿದ್ದ ಅಭ್ಯಾಸ ಬಹಳಷ್ಟು ಹೋಯಿತು. ಟೈರು ಬದಲಿಸುವಾಗ ಪೋರ್ಷೆ ಒಪ್ಪಿದ ‘ಎನ್’ ಗುರುತಿನವನ್ನೇ ಹಾಕಿಸಿದೆ. ಮುಂದೆ 235, ಹಿಂದೆ 265 ಅಗಲ. ಹಿಂದಿರುಗಿಸುವಾಗ ಗುರುತಿಲ್ಲದ ಟೈರು ಕಂಡರೆ ನಾಲ್ಕರ ಬೆಲೆಯನ್ನೂ ಕೇಳುತ್ತಾರೆ.

ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ ಶಕ್ತಿ ಹೆಚ್ಚಿಸಿಕೊಳ್ಳಿ ಎಂದು ಸಲಹೆ ಕೊಟ್ಟವರು ಸಾಕಷ್ಟು ಮಂದಿ. ಟರ್ಬೊ ಇದ್ದ ಕಾರಿನಲ್ಲಿ ಗಾಳಿಯ ಒತ್ತಡ ಏರಿಸಿ ಬಹಳಷ್ಟು ಪಡೆಯಬಹುದು. ಇಲ್ಲಿ ಏರಿಸಲು ಒತ್ತಡವೇ ಇಲ್ಲ, ಸಿಗುವುದು ಚೂರುಪಾರು. ಅದಕ್ಕಾಗಿ ವಾರಂಟಿಯನ್ನು ಪಣಕ್ಕಿಡುವುದು ಯಾವ ಜಾಣತನ? ತಿದ್ದಿದ್ದು ಮೂಲಕ್ಕೆ ಮರಳಿಸಿದರೂ ಕಂಪ್ಯೂಟರಿನಲ್ಲಿ ಜಾಡು ಉಳಿಯಬಹುದು. ಎಕ್ಸಾಸ್ಟ್ ಬದಲಿಸುವ ಗೋಜಿಗೂ ಹೋಗಲಿಲ್ಲ. ಜಿಟಿಎಸ್‌ಗೆ ಸ್ಪೋರ್ಟ್ಸ್ ಎಕ್ಸಾಸ್ಟ್ ಕಾರ್ಖಾನೆಯಿಂದಲೇ ಬರುತ್ತದೆ.

ಅವಧಿ ಮುಗಿಯುವ ಮೊದಲು ತಪಾಸಣೆಗೆ ಬಂದವರು ಸೌಜನ್ಯದ ಮನುಷ್ಯ. ಬಣ್ಣದ ದಪ್ಪ ಅಳೆಯುವ ಯಂತ್ರವನ್ನು ಬಾನೆಟ್ಟಿಗೆ ಒತ್ತಿ, ಅಂಕಿ ನೋಡಿ ಹುಬ್ಬೇರಿಸಿದರು. ಫಿಲ್ಮಿನ ಅಂಚನ್ನು ಉಗುರಿನಿಂದ ತೋರಿಸಿದ ಮೇಲೆ ನಕ್ಕರು. ಆದರೆ ವರದಿಯಲ್ಲಿ ಚಾಲಕನ ಸೀಟಿನ ಹೊರಬದಿಯ ದಿಂಬಿನ ಚರ್ಮ ಸವೆದಿದೆ ಎಂದು ಕಂಪನಿ ಒಂದು ಮೊತ್ತ ನಮೂದಿಸಿತ್ತು. ಬಕೆಟ್ ಸೀಟಿಗೆ ಹತ್ತಿ ಇಳಿಯುವವರೆಲ್ಲ ಉಜ್ಜುವುದು ಅದೇ ಜಾಗವನ್ನು. ಒಪ್ಪಂದದ ‘ಸಹಜ ಸವೆತ’ದ ಕಲಮು ಹಾಗೂ ನಾನು ನಿಯಮಿತವಾಗಿ ತೆಗೆದಿಟ್ಟ ಚಿತ್ರಗಳನ್ನು ಕಳಿಸಿದೆ. ಮೊತ್ತ ಅರ್ಧಕ್ಕಿಳಿಯಿತು. ಉಳಿದರ್ಧಕ್ಕೂ ಜಗಳ ಸಿದ್ಧವಾಗಿತ್ತು, ಆದರೆ ಅಗತ್ಯ ಬೀಳಲಿಲ್ಲ.

ಏಕೆಂದರೆ 2025ರ ಅಕ್ಟೋಬರಿನಲ್ಲಿ ಪೆಟ್ರೋಲ್ 718ರ ತಯಾರಿಕೆಯೇ ನಿಂತುಹೋಯಿತು. ಒಪ್ಪಂದದಲ್ಲಿ ಅಚ್ಚಾಗಿದ್ದ ಉಳಿಕೆ ಮೌಲ್ಯಕ್ಕಿಂತ ಇಂಥ ಕಾರುಗಳಿಗೆ ಬಳಸಿದ ಕಾರಿನ ಮಾರುಕಟ್ಟೆಯಲ್ಲಿ ಕೇಳುತ್ತಿದ್ದ ಬೆಲೆ ಹೆಚ್ಚಿತ್ತು. ಅವರದೇ ಬೆಲೆಗೆ ಕೊಳ್ಳುವ ಹಕ್ಕು ನನಗಿತ್ತು, ಕೊಂಡುಬಿಟ್ಟೆ. ಮುಖಪುಟದ ಸಾರಾಂಶದಲ್ಲಿ ಎಲ್ಲಿಯೂ ಕಾಣದ ‘ವರ್ಗಾವಣೆ ನಿರ್ವಹಣಾ ಶುಲ್ಕ’ವೊಂದು ಅನುಬಂಧದ ಕೊನೆಯ ಹಾಳೆಯಲ್ಲಿ ಅವಿತಿತ್ತು. ನನಗೆ ಮೊದಲೇ ಗೊತ್ತಿತ್ತು, ನಿಮಗೂ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ. ಸಹಿ ಹಾಕುವ ಮುನ್ನ ಕೊಳ್ಳುವ ಹಕ್ಕು ಇದೆಯೇ, ಇದ್ದರೆ ಅದರ ಒಟ್ಟು ಖರ್ಚೆಷ್ಟು ಎಂದು ಬರೆಸಿಕೊಳ್ಳಿ.

ಈಗ ಲಿಖಿತ ಒಪ್ಪಿಗೆ ಕೇಳಬೇಕಾದವರು ಯಾರೂ ಇಲ್ಲ. ಹಳೆಯ ಫಿಲ್ಮ್ ತೆಗೆಸಿ ಹೊಸದು ಹಾಕಿಸಿದ್ದಾಯಿತು. ಕೆಳಗಿನ ಹಸಿರು ಬಣ್ಣಕ್ಕೆ ಒಂದು ಚುಕ್ಕೆ ಏಟೂ ಬಿದ್ದಿರಲಿಲ್ಲ. ಕಾರ್ಖಾನೆಯ ಮಿತಿಗಿಂತ ಹೆಚ್ಚು ವಾಲಿಸಲು ಅವಕಾಶ ಕೊಡುವ, ಕೇಮನ್‌ನದೇ ರೇಸಿಗೆ ಹತ್ತಿರದ ಮಾದರಿ ಜಿಟಿ4ರಲ್ಲಿರುವಂತೆ, ಎರಡು ತುಂಡಿನ ಸಸ್ಪೆನ್ಷನ್ ಕೆಳತೋಳುಗಳಿಗೆ ಆರ್ಡರ್ ಹಾಕಿದ್ದೇನೆ. ಉದ್ದದ ಗೇರುಗಳನ್ನು ಬದಲಿಸುವ ಗೇರ್ ಸೆಟ್ಟಿನ ದರಪಟ್ಟಿಯೂ ಬಂದಿದೆ. ಗಂಡ ಅದನ್ನಿನ್ನೂ ನೋಡಿಲ್ಲ.