ಮೋಟುಲ್ ಆರ್‌ಬಿಎಫ್ 600: ಟ್ರ್ಯಾಕ್‌ಗೆ ಹೋಗುವ ಮೊದಲು ಬ್ರೇಕ್ ಆಯಿಲ್ ಬದಲಿಸಿ

ಟ್ರ್ಯಾಕ್ ಡೇಗೆ, ಅಂದರೆ ನಮ್ಮದೇ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನಕ್ಕೆ, ಕಾರು ರೆಡಿ ಮಾಡಬೇಕು ಅಂದ ತಕ್ಷಣ ನಮ್ಮ ಕಲಬುರಗಿ ಹುಡುಗರು ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದಲಿಸುವುದು), ಎಕ್ಸಾಸ್ಟ್, ಏರ್ ಫಿಲ್ಟರ್ ಅಂತ ಶುರು ಮಾಡುತ್ತಾರೆ. ನಾನು ಮೊದಲು ದುಡ್ಡು ಹಾಕಿದ್ದು ಬ್ರೇಕ್ ಆಯಿಲ್‌ಗೆ. ಮೋಟುಲ್ ಆರ್‌ಬಿಎಫ್ 600, ಅರ್ಧ ಲೀಟರಿನ ಎರಡು ಬಾಟಲಿ. ಕಾರು ಪೋಲೊ ಜಿಟಿ ಟಿಎಸ್‌ಐ. ಓಡಿಸಿದ್ದು ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನ ಟ್ರ್ಯಾಕ್‌ನಲ್ಲಿ. ಇಂಜಿನ್ ಕಂಪನಿಯಿಂದ ಬಂದ ಹಾಗೇ ಇದೆ, ಮುಟ್ಟಿಲ್ಲ.

ಊರಲ್ಲಿ ಓಡಿಸುವಾಗ ಬ್ರೇಕ್‌ಗೆ ಆರಲು ಟೈಮ್ ಸಿಗುತ್ತದೆ. ಜಗತ್ ಸರ್ಕಲ್‌ನಲ್ಲಿ ಎಷ್ಟು ಸಲ ಬ್ರೇಕ್ ಹಾಕಿದರೂ ವೇಗವೇ ಕಡಿಮೆ. ಟ್ರ್ಯಾಕ್‌ನಲ್ಲಿ ಹಾಗಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಅರಗಿಸಬೇಕಾದ ಶಕ್ತಿ ನಾಲ್ಕು ಪಟ್ಟು. ಅಂದರೆ 140ರಲ್ಲಿ ಹೋಗುವ ಕಾರನ್ನು ಒಂದು ಸಲ ನಿಲ್ಲಿಸುವುದು, 70ರಲ್ಲಿ ಹೋಗುವ ಕಾರನ್ನು ನಾಲ್ಕು ಸಲ ನಿಲ್ಲಿಸಿದ್ದಕ್ಕೆ ಸಮ. ಅಲ್ಲಿ ಒಂದು ಸುತ್ತು 3.717 ಕಿಲೋಮೀಟರ್, 12 ತಿರುವು. ಒಂದು ತಿರುವಿನ ಬಿಸಿ ಇಳಿಯುವುದರೊಳಗೆ ಇನ್ನೊಂದು ಬಂದಿರುತ್ತದೆ. ಪೋಲೊಗೆ ಹಿಂದೆ ಡ್ರಮ್ ಬ್ರೇಕ್. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಡಿಸ್ಕ್ ಮೇಲೇ ಬೀಳುತ್ತದೆ. ಆ ಬಿಸಿ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ದಾಟಿ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಕುದಿಯಿತು ಅಂದರೆ ಒಳಗೆ ಆವಿ ಗುಳ್ಳೆ. ದ್ರವವನ್ನು ಒತ್ತಿದರೆ ಒತ್ತಡ ಚಕ್ರಕ್ಕೆ ಹೋಗುತ್ತದೆ, ಆವಿಯನ್ನು ಒತ್ತಿದರೆ ಅದು ಸುಮ್ನೆ ಕುಗ್ಗುತ್ತದೆ. ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ತಿರುವಿನ ಬಾಯಲ್ಲಿ ಹೀಗಾದರೆ ಏನು ಗತಿ, ನೀವೇ ಯೋಚಿಸಿ.

ಹಾಕುವಾಗ ನಮ್ಮ ರಿಂಗ್ ರೋಡ್ ಮಿಸ್ತ್ರಿ ಬಾಟಲಿ ತಿರುಗಿಸಿ ನೋಡಿ, "ಸರ್ರ, ಇದೂ ಡಾಟ್ 4 ಅದಲ್ರಿ, ಮತ್ತ ಇಷ್ಟ್ಯಾಕ್ರಿ ತುಟ್ಟಿ?" ಅಂದರು. ಒಳ್ಳೆಯ ಪ್ರಶ್ನೆ. ಡಾಟ್ 4 ಅನ್ನುವುದು ಬ್ರೇಕ್ ಆಯಿಲಿನ ಒಂದು ದರ್ಜೆ, ಅದು ಹೇಳುವುದು ಕನಿಷ್ಠ ಮಟ್ಟ ಅಷ್ಟೇ. ಹೊಸ ಆಯಿಲ್ 230 ಡಿಗ್ರಿಯವರೆಗೆ ಕುದಿಯಬಾರದು, ಸುಮಾರು 3.7 ಶೇಕಡಾ ನೀರು ಸೇರಿದ ಮೇಲೂ 155ರವರೆಗೆ ತಡೆಯಬೇಕು, ಇಷ್ಟೇ ಅದರ ಷರತ್ತು. ಆರ್‌ಬಿಎಫ್ 600 ಹೊಸದರಲ್ಲಿ ಕುದಿಯುವುದು 312 ಡಿಗ್ರಿಗೆ. ನೀರು ಸೇರಿದ ಮೇಲೂ 200 ದಾಟುತ್ತದೆ. ಈ ಆಯಿಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ, ಎರಡು ಮೂರು ವರ್ಷದಿಂದ ಬದಲಿಸದ ಕಾರಿನಲ್ಲಿ ಇರುವುದು ನೀರು ಕುಡಿದ ಆಯಿಲೇ. ನನಗೆ 312ಕ್ಕಿಂತ ಆ ಎರಡನೇ ಸಂಖ್ಯೆಯೇ ಮುಖ್ಯ ಅನ್ನಿಸಿದ್ದು ಅದಕ್ಕೆ.

ಟ್ರ್ಯಾಕ್‌ನಲ್ಲಿ ಹೇಗಿತ್ತು ಅಂದರೆ, ಸೆಶನ್ ಮುಗಿಯುವವರೆಗೂ ಪೆಡಲ್ ಒಂದೇ ಎತ್ತರದಲ್ಲಿ ಸಿಕ್ಕಿತು. ಪ್ಯಾಡ್ ಮಾಮೂಲಿಯದು, ಅದು ಕೊನೆ ಕೊನೆಗೆ ಕಾದು ಹಿಡಿತ ಕಡಿಮೆ ಮಾಡಿತು, ವಾಸನೆಯೂ ಬಂತು. ಆದರೆ ಪೆಡಲ್ ಗಟ್ಟಿಯಾಗಿಯೇ ಇತ್ತು. ಈ ವ್ಯತ್ಯಾಸ ಗೊತ್ತಿರಲಿ: ಪೆಡಲ್ ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಸೋತಿದೆ, ಪೆಡಲ್ ಮೆತ್ತಗಾದರೆ ಆಯಿಲ್ ಕುದಿದಿದೆ. ಪ್ಯಾಡಿನ ಕೆಲಸವನ್ನು ಯಾವ ಆಯಿಲೂ ಮಾಡುವುದಿಲ್ಲ. ಪೋರ್ಶೆ ಕೇಮನ್ ಥರದ ನಿಜವಾದ ಸ್ಪೋರ್ಟ್ಸ್ ಕಾರು ಇದ್ದವರು ಎರಡನ್ನೂ ಒಟ್ಟಿಗೇ ನೋಡಿಕೊಳ್ಳಬೇಕು. ಇನ್ನೊಂದು ಮಾತು, ಕೊನೆಯ ಸುತ್ತನ್ನು ಬ್ರೇಕ್ ಹಾಕದೆ ನಿಧಾನಕ್ಕೆ ಓಡಿಸಿ. ಕಾರು ನಿಂತ ಮೇಲೆ ಗಾಳಿ ಬೀಸುವುದಿಲ್ಲ, ಡಿಸ್ಕ್ ಬಿಸಿ ಎಲ್ಲ ಆಯಿಲ್‌ಗೆ ಹೋಗುತ್ತದೆ, ಪಿಟ್‌ನಲ್ಲೇ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಕುದಿಯುವುದು ಉಂಟು. ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಚಕ್ರಕ್ಕೆ ಕಲ್ಲೋ ಕಟ್ಟಿಗೆಯೋ ಕೊಡಿ.

ಹಾಕಿಸುವುದಕ್ಕೆ ದೊಡ್ಡ ವರ್ಕ್‌ಶಾಪೇ ಬೇಕು ಅಂತಿಲ್ಲ, ನಮ್ಮೂರಲ್ಲೇ ಆಗುತ್ತದೆ. ಆದರೆ ಪಕ್ಕದಲ್ಲೇ ನಿಂತು ಮಾಡಿಸಿ. ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗಲು ಬಿಡಬಾರದು, ಗಾಳಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಯೂನಿಟ್) ಒಳಗೆ ಹೋದರೆ ಸ್ಕ್ಯಾನರ್ ಹಾಕದೆ ಹೊರಗೆ ಬರದೇ ಇರಬಹುದು. ನಾಲ್ಕೂ ಚಕ್ರದಲ್ಲಿ ಹೊಸ ಬಣ್ಣದ ಆಯಿಲ್ ಬರುವವರೆಗೆ ತೆಗೆಯಬೇಕು. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಬಣ್ಣ ತಿಂದು ಹಾಕುತ್ತದೆ. ಚಕ್ರ ಬಿಚ್ಚಿದಾಗಲೇ ಕ್ಯಾಲಿಪರ್ ಪಿನ್ ತೆಗೆದು ಒರೆಸಿ, ಅದಕ್ಕಂತಲೇ ಬರುವ ಗ್ರೀಸ್ ಹಚ್ಚಿಸಿ. ನಮ್ಮ ಕಡೆಯ ಕರಿಮಣ್ಣಿನ ಧೂಳು ಎಲ್ಲೆಲ್ಲಿ ಸೇರುತ್ತದೋ ಹೇಳಲಾಗದು.

ನನಗೆ ಇದು ಇಷ್ಟವಾಗಲು ಇನ್ನೊಂದು ಕಾರಣ ಇದೆ. ನಾವು ಕಾರನ್ನು ಲಾರಿ ಮೇಲೆ ಹೇರಿಕೊಂಡು ಹೋಗುವವರಲ್ಲ. 700 ಕಿಲೋಮೀಟರ್‌ಗೂ ಜಾಸ್ತಿ ಅದರಲ್ಲೇ ಹೋಗಿ, ಟ್ರ್ಯಾಕ್ ಓಡಿಸಿ, ಅದರಲ್ಲೇ ಮನೆಗೆ ಬರಬೇಕು, ಮರುದಿನ ಅದೇ ಕಾರಲ್ಲಿ ಕೆಲಸಕ್ಕೆ ಹೋಗಬೇಕು. ಆರ್‌ಬಿಎಫ್ 600 ರಸ್ತೆಯಲ್ಲೂ ಯಾವ ತಕರಾರೂ ಮಾಡಲಿಲ್ಲ. ಡಾಟ್ 3, 4, 5.1 ಇರುವ ಕಾರಿಗೆ ಹಾಕಬಹುದು. ಸಿಲಿಕೋನ್ ಡಾಟ್ 5 ಜೊತೆ ಮಾತ್ರ ಬೇಡವೇ ಬೇಡ.

ತೊಂದರೆ ಏನೆಂದರೆ ಬೆಲೆ. ಮಾಮೂಲಿ ಡಾಟ್ 4ಕ್ಕಿಂತ ಬಹಳ ತುಟ್ಟಿ, ಇಲ್ಲಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ, ತರಿಸಬೇಕಾಯಿತು. ಮೊದಲು ಬಂದ ಪಾರ್ಸೆಲ್‌ನಲ್ಲಿ ಒಂದು ಬಾಟಲಿಯ ಸೀಲ್ ಸಡಿಲ ಇತ್ತು, ವಾಪಸ್ ಕಳಿಸಿದೆ. ನೀವೂ ಸೀಲ್ ನೋಡದೆ ತೆಗೆದುಕೊಳ್ಳಬೇಡಿ. ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಅಂತ ಇಡಬೇಡಿ, ಅದೂ ತೇವ ಕುಡಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ. ಬರೀ ಸೇಡಂ ರೋಡು, ಹೈದರಾಬಾದ್ ಹೈವೇ ಓಡಿಸುವವರಿಗೆ ಇದು ಬೇಡ, ಮಾಮೂಲಿ ಡಾಟ್ 4 ಅನ್ನೇ ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು. ಟ್ರ್ಯಾಕ್‌ಗೆ ಹೆಸರು ಕೊಟ್ಟಿದ್ದೀರಾ? ಹಾಗಾದರೆ ಎಕ್ಸಾಸ್ಟ್ ದುಡ್ಡು ಪಕ್ಕಕ್ಕಿಟ್ಟು ಈ ಎರಡು ಬಾಟಲಿ ತರಿಸಿ.