ರದ್ದಿ ಪತ್ರಿಕೆಯ ನೇಯ್ಗೆ: ಮಗ್ಗದಲ್ಲಿ ಗೆದ್ದದ್ದು, ಗೋಡೆಯಲ್ಲಿ ಸೋತದ್ದು

ಮೈಸೂರಿನ ನಮ್ಮ ಬಡಾವಣೆಯ ವಾಚನಾಲಯದ ಅಟ್ಟದ ಮೇಲೆ ಮೂರು ವರ್ಷಗಳ ಹಳೆಯ ಕನ್ನಡ ಪತ್ರಿಕೆಗಳು ಕಟ್ಟುಕಟ್ಟಾಗಿ ಬಿದ್ದಿದ್ದವು. ಅವನ್ನು ರದ್ದಿಗೆ ಹಾಕುವ ಬದಲು ನೂಲಾಗಿ ಹೊಸೆದು, ಓದುವ ಕೊಠಡಿಯ ಖಾಲಿ ಗೋಡೆಗೆ ಒಂಬತ್ತು ಅಡಿ ಎತ್ತರದ, ಆರು ಅಡಿ ಅಗಲದ ನೇಯ್ಗೆಯೊಂದನ್ನು ಮಾಡಿಸೋಣವೆಂದು ಸಮಿತಿಯಲ್ಲಿ ತೀರ್ಮಾನವಾದಾಗ, ಅದನ್ನು ಮುಂದೆ ನಿಂತು ಮಾಡಿಸುವ ಹೊಣೆ ನನ್ನ ಪಾಲಿಗೆ ಬಂತು. ಕೆಲಸವನ್ನು ಒಪ್ಪಿಸಿದ್ದು ಐದು ಜನರ ಒಂದು ಸಣ್ಣ ಕಾರ್ಯಾಗಾರಕ್ಕೆ. ವಿನ್ಯಾಸ, ನೇಯ್ಗೆ, ಗೋಡೆಗೆ ಕೂರಿಸುವುದು ಎಲ್ಲ ಸೇರಿ 52,000 ರೂಪಾಯಿ ಕೊಟ್ಟೆವು. ಏಳು ವಾರವೆಂದಿದ್ದ ಕೆಲಸ ಹತ್ತು ವಾರ ಹಿಡಿಯಿತು, ಆದರೆ ಆ ತಡದ ಬಗ್ಗೆ ನನಗೆ ಬೇಸರವಿಲ್ಲ.

ಬೇಸರವಿಲ್ಲದಿರುವುದಕ್ಕೆ ಕಾರಣ ಅವರು ಕಾಗದವನ್ನು ನಡೆಸಿಕೊಂಡ ರೀತಿ. ಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ, ಅಡ್ಡ ಹರಿದರೆ ಸೊಟ್ಟಸೊಟ್ಟಾಗಿ ಹೋಗುತ್ತದೆ. ಕಾರ್ಖಾನೆಯಲ್ಲಿ ಕಾಗದ ಓಡುವ ದಿಕ್ಕಿನಲ್ಲಿಯೇ ಅದರ ನಾರುಗಳು ಸಾಲುಗೂಡಿರುವುದೇ ಇದಕ್ಕೆ ಕಾರಣ. ಅವರು ಎರಡು ಇಂಚು ಅಗಲದ ಪಟ್ಟಿಗಳನ್ನು ಈ ನೇರಕ್ಕೇ ಕತ್ತರಿಸಿ, ಹಿಂಡಿದ ಒದ್ದೆ ಬಟ್ಟೆಯ ಮೇಲೆ ಒಮ್ಮೆ ಎಳೆದು, ರಾಟೆಯಲ್ಲಿ ಹುರಿ ಹಾಕುತ್ತಿದ್ದರು. ಒಂದು ಪಟ್ಟಿ ಮುಗಿಯುವ ಮುನ್ನ ಮುಂದಿನದರ ತುದಿಯನ್ನು ಅದರ ಮೇಲಿಟ್ಟು, ಹತ್ತಿಯ ಹಂಜಿಯನ್ನು ಸೇರಿಸುವಂತೆ, ಅಂಟಿಲ್ಲದೆಯೇ ಸೇರಿಸುತ್ತಿದ್ದರು. ನಾನೂ ಕುಳಿತು ನೋಡಿದೆ: ನೀರು ಸ್ವಲ್ಪ ಹೆಚ್ಚಾದರೆ ಎಳೆ ಕೈಯಲ್ಲೇ ಕಿತ್ತುಬರುತ್ತದೆ, ಕಡಿಮೆಯಾದರೆ ಹುರಿ ನಿಲ್ಲದೆ ಬಿಚ್ಚಿಕೊಳ್ಳುತ್ತದೆ. ಜಪಾನಿನಲ್ಲಿ ಕೈಕಾಗದವನ್ನು ಹೀಗೆಯೇ ಹೊಸೆದು ಉಡುವ ಬಟ್ಟೆಯನ್ನೇ ನೇಯುವ ಶಿಫು ಎಂಬ ಹಳೆಯ ಕಸುಬಿದೆ. ಆದರೆ ಅಲ್ಲಿನ ಕಾಗದದ ನಾರು ಉದ್ದ, ನಮ್ಮ ಪತ್ರಿಕೆಯದು ಗಿಡ್ಡ. ಆದ್ದರಿಂದಲೇ ಹಾಸಿಗೂ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟುವ ಎಳೆಗಳಿಗೂ, ಕಾಗದವನ್ನೇ ಬಳಸಬೇಕೆಂಬ ನಮ್ಮ ಸಮಿತಿಯ ಹಟಕ್ಕೆ ಅವರು ಒಪ್ಪಲಿಲ್ಲ. ಒಂದು ಅಡಿಯ ಮಾದರಿಯನ್ನು ಎರಡೂ ಬಗೆಯಲ್ಲಿ ನೇಯ್ದು ತಂದು, ಕಾಗದದ ಹಾಸು ಬಿಗಿದ ಕಡೆಯಲ್ಲೆಲ್ಲ ಹೇಗೆ ಕಿತ್ತಿದೆ ಎಂಬುದನ್ನು ತೋರಿಸಿದರು. ಹಾಸು ಹತ್ತಿಯ ನೂಲು, ಅದಕ್ಕೆ ಅಡ್ಡಲಾಗಿ ತೂರಿಸುವ ಹೊಕ್ಕು ಪತ್ರಿಕೆಯ ಎಳೆ ಎಂದು ಕೊನೆಗೆ ಗೊತ್ತಾಯಿತು. ಗ್ರಾಹಕರು ಕೇಳಿದ್ದಕ್ಕೆಲ್ಲ ತಲೆಯಾಡಿಸದೆ ಹೀಗೆ ನೇಯ್ದು ತೋರಿಸಿದ್ದನ್ನು ನಾನು ಬಹಳ ಮೆಚ್ಚುತ್ತೇನೆ.

ವಿನ್ಯಾಸಕ್ಕೆ ಬಣ್ಣ ಹಾಕಿಲ್ಲ. ಕಪ್ಪುಬಿಳುಪಿನ ಪುಟಗಳಿಂದ ಬೂದಿ ಬಣ್ಣದ ಎಳೆ, ಪುರವಣಿಗಳಿಂದ ನಸುಗೆಂಪು ಮತ್ತು ನೀಲಿ, ಚಿನ್ನದಂಗಡಿಯ ಜಾಹೀರಾತುಗಳಿಂದ ಅರಿಸಿನ ಬಣ್ಣ. ಹೀಗೆ ಬೇರೆಬೇರೆ ಬುಟ್ಟಿಗಳಲ್ಲಿ ವಿಂಗಡಿಸಿಟ್ಟ ಎಳೆಗಳು ಕೆಳಗಿನ ಬೂದಿಯಿಂದ ಮೇಲಿನ ಅರಿಸಿನಕ್ಕೆ ನಿಧಾನವಾಗಿ ಹೊರಳುತ್ತವೆ. ದೂರದಿಂದ ಅದು ಒರಟು ಕಂಬಳಿಯಂತೆ ಕಾಣುತ್ತದೆ. ಹತ್ತಿರ ಹೋದರೆ ಅಕ್ಷರಗಳು ಎಳ್ಳು ಚೆಲ್ಲಿದಂತೆ ಚುಕ್ಕೆಗಳಾಗಿವೆ, ಎಡ ಅಂಚಿನಲ್ಲಿ ಮಾತ್ರ ‘ಮಳೆ’ ಎಂಬ ಎರಡು ಅಕ್ಷರಗಳು ಹುರಿಗೆ ಸಿಕ್ಕದೆ ಇಡಿಯಾಗಿ ಉಳಿದಿವೆ. ವಾಚನಾಲಯಕ್ಕೆ ಬರುವ ಮಕ್ಕಳು ಅದನ್ನು ಮೊದಲ ವಾರವೇ ಪತ್ತೆಹಚ್ಚಿದರು.

ಇಷ್ಟು ಶ್ರದ್ಧೆಯಿಂದ ನೇಯ್ದವರು ಅದನ್ನು ತೂಗುಹಾಕುವ ಜಾಗದ ಬಗ್ಗೆ ಅಷ್ಟೇ ಯೋಚಿಸಲಿಲ್ಲ ಎಂಬುದೇ ನನ್ನ ದೂರು. ಅಳತೆಗೆ ಬಂದವರು ಗೋಡೆಯ ಉದ್ದಗಲ ಬರೆದುಕೊಂಡರೇ ಹೊರತು, ಎದುರಿನ ಪಶ್ಚಿಮದ ಕಿಟಕಿಯಿಂದ ಸಂಜೆಯ ಬಿಸಿಲು ನೇರವಾಗಿ ಆ ಗೋಡೆಯ ಮೇಲೆ ಬೀಳುತ್ತದೆಂಬುದನ್ನು ಗಮನಿಸಲಿಲ್ಲ. ಪತ್ರಿಕೆಯ ಕಾಗದದಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಬೆಳಕಿಗೆ ಅದು ಬೇಗ ಹಳದಿಯಾಗುತ್ತದೆ. ನಾಲ್ಕೇ ತಿಂಗಳಲ್ಲಿ ಬಲಗಡೆಯ ಬೂದಿ ಎಳೆಗಳು ಚಹಾದ ಕಲೆಯ ಬಣ್ಣಕ್ಕೆ ತಿರುಗಿದವು, ದಪ್ಪ ಪರದೆಯನ್ನು ನಾವೇ ಹಾಕಿಸಬೇಕಾಯಿತು. ಮಳೆಗಾಲದಲ್ಲಿ ಇನ್ನೊಂದು ತೊಂದರೆ ಎದುರಾಯಿತು. ಹನ್ನೊಂದು ಕಿಲೋ ತೂಗುತ್ತಿದ್ದ ನೇಯ್ಗೆ ತೇವ ಹೀರಿ ಇನ್ನಷ್ಟು ಭಾರವಾಗಿ, ಎರಡು ತುದಿಗಳಲ್ಲಿ ಮಾತ್ರ ಆಧಾರವಿದ್ದ ಬಿದಿರಿನ ಗಳು ನಡುವೆ ಬಾಗಿ, ಕೆಳ ಅಂಚು ಎರಡು ಇಂಚು ಇಳಿದು ಬೆಂಚಿಗೆ ತಾಗಿತು. ಬೆಂಕಿಯ ವಿಷಯವನ್ನಂತೂ ನಾವೇ ಎತ್ತಬೇಕಾಯಿತು. ಕೇಳಿದ ಮೇಲೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಹಿಂಬದಿಗೆ ಸಿಂಪಡಿಸಿ ಒಣಗಿಸಿದರು. ಅದರಿಂದ ಕಾಗದ ಬೇಗ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಮಕ್ಕಳು ಓಡಾಡುವ ಕೊಠಡಿಗೆ ಕಾಗದದ ಕೆಲಸ ಮಾಡುವವರು ಇದನ್ನು ಮೊದಲ ಭೇಟಿಯಲ್ಲಿಯೇ ಹೇಳಬೇಕಿತ್ತು.

ಫೋನ್ ಮಾಡಿದ ಮೂರನೆಯ ದಿನ ಇಬ್ಬರು ಬಂದು, ತಾವೇ ತಪ್ಪೊಪ್ಪಿಕೊಂಡು, ನಡುವೆ ಇನ್ನೆರಡು ಕೊಕ್ಕೆ ಹಾಕಿ ನೇಯ್ಗೆಯನ್ನು ಮೇಲೆತ್ತಿದರು, ಹಣ ಕೇಳಲಿಲ್ಲ. ಇಂಥದ್ದನ್ನು ಮಾಡಿಸುವವರು ಮುಂಗಡ ಕೊಡುವ ಮೊದಲು ಬಿಸಿಲು, ತೇವ, ಬೆಂಕಿ ಈ ಮೂರನ್ನೂ ತಾವೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ವಾಚನಾಲಯದ ಮೆಟ್ಟಿಲ ಬಳಿಯ ಚಿಕ್ಕ ಗೋಡೆಗೆ ನಾವು ಇದೇ ಕಾರ್ಯಾಗಾರಕ್ಕೆ ಮತ್ತೊಂದು ನೇಯ್ಗೆ ಹೇಳಿದ್ದೇವೆ, ಅಲ್ಲಿ ಕಿಟಕಿಯಿಲ್ಲ. ಈ ಸಲ ಬಿದಿರಿನ ಬದಲು ಕಬ್ಬಿಣದ ಕೊಳವೆ ಹಾಕುವುದೆಂದು ಕರಾರಿನಲ್ಲಿಯೇ ಬರೆದಾಗಿದೆ.