ಜೋಳಕ್ಕೆ ಮಾಡಿದ ನಾಲ್ಕು ಸಾಲ: ಫೈನಾನ್ಸ್, ಬಿಶಿ, ಮಹಿಳಾ ಸಂಘ, ಬೋರಮಾಳ

ನನ್ನದು ಖಡಕ್ ರೊಟ್ಟಿಯ ಕೆಲಸ. ವಿಜಯಪುರದಿಂದ ಸಿಂದಗಿ ರಸ್ತೆ ಹಿಡಿದರೆ ಅರ್ಧ ಗಂಟೆಗೆ ನಮ್ಮೂರು. ದಿನಕ್ಕೆ 80–90 ರೊಟ್ಟಿ ಬಡಿದು ನಗರದ ಎರಡು ಖಾನಾವಳಿಗೆ ಕೊಡುತ್ತೇನೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯೂ ಹೋಗುತ್ತದೆ.

ಈ ಕೆಲಸಕ್ಕೆ ದೊಡ್ಡ ದುಡ್ಡು ಬೇಕಾಗುವುದು ವರ್ಷಕ್ಕೆ ಒಂದೇ ಸಲ, ಮಾರ್ಚ್‌ನಲ್ಲಿ. ಹಿಂಗಾರಿ ಬಿಳಿ ಜೋಳದ ರಾಶಿ ಆಗುವ ಹೊತ್ತು ಅದು. ಆಗ ಕ್ವಿಂಟಲ್‌ಗೆ 4,000ಕ್ಕೆ ಸಿಕ್ಕ ಮಾಲ್ದಂಡಿ ಜೋಳ ಶ್ರಾವಣ ಬರುವಷ್ಟರಲ್ಲಿ 5,000 ಆಗಿರುತ್ತದೆ. 12 ಕ್ವಿಂಟಲ್ ಒಮ್ಮೆಲೇ ತಂದು, ಬೇವಿನ ಎಲೆ ಹಾಕಿ ಇಟ್ಟುಬಿಟ್ಟರೆ ಮುಂದಿನ ಏಳೆಂಟು ತಿಂಗಳು ಚಿಂತೆ ಇಲ್ಲ. ಅಂದರೆ ಕೈಯಲ್ಲಿ 50,000 ಇರಬೇಕು. ಈ 50,000ಕ್ಕಾಗಿ ಐದು ವರ್ಷದಲ್ಲಿ ನಾಲ್ಕು ಕಡೆ ಕೈ ಚಾಚಿದ್ದೇನೆ. ಬಡ್ಡಿಯ ಲೆಕ್ಕ ಎಲ್ಲ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಮೊನ್ನೆ ಮಗಳು ಅದನ್ನು ನೋಡಿ, "ಅವ್ವಾ, ಫೈನಾನ್ಸ್ ಯಾಕೆ ಬಿಟ್ಟೆ? ಐದೇ ದಿನಕ್ಕೆ ಕೊಡ್ತಿದ್ರಲ್ಲ" ಅಂದಳು. ಬಡ್ಡಿ ಜಾಸ್ತಿ ಅಂತ ಹೇಳಿ ಸುಮ್ಮನಾಗಬಹುದಿತ್ತು. ಆದರೆ ನಾನು ಬಿಟ್ಟದ್ದು ಬಡ್ಡಿಗಲ್ಲ.

ಮೊದಲು ಬಿಶಿಯದ್ದು ಹೇಳಿ ಮುಗಿಸುತ್ತೇನೆ, ಅದು ಸಣ್ಣ ಕಥೆ. ಬಿಶಿ ಅಂದರೆ ಚೀಟಿ: ಎಲ್ಲರೂ ತಿಂಗಳಿಗಿಷ್ಟು ಹಾಕುತ್ತಾರೆ, ಹರಾಜಿನಲ್ಲಿ ಹೆಚ್ಚು ಬಿಟ್ಟುಕೊಟ್ಟವರು ಆ ತಿಂಗಳ ದುಡ್ಡು ಎತ್ತುತ್ತಾರೆ, ಬಿಟ್ಟದ್ದನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. 2021ರಲ್ಲಿ ಓಣಿಯ 20 ಜನ ಸೇರಿ ತಿಂಗಳಿಗೆ 2,500ರ ಬಿಶಿ ಹಾಕಿದೆವು. ಮಾರ್ಚ್‌ನಲ್ಲಿ ನನಗೆ ಬೇಕೇ ಬೇಕಿತ್ತಲ್ಲ, ಹರಾಜಿನಲ್ಲಿ 7,000 ಬಿಟ್ಟು 43,000 ಎತ್ತಿಕೊಂಡೆ. ಪ್ರತಿ ತಿಂಗಳು ಬೇರೆಯವರು ಬಿಟ್ಟ ದುಡ್ಡಿನ ಪಾಲು ಕಳೆದು, 20 ತಿಂಗಳಲ್ಲಿ ನಾನು ಕಟ್ಟಿದ್ದು 46,000ದ ಆಸುಪಾಸು. ಅಂದರೆ ಖರ್ಚು 3,000. ಇಷ್ಟು ಅಗ್ಗದ ದುಡ್ಡು ಮತ್ತೆಲ್ಲೂ ಸಿಕ್ಕಿಲ್ಲ. ಮತ್ತೆ ಯಾಕೆ ಹಾಕಲಿಲ್ಲ ಅಂದರೆ, ಅದೇ ವರ್ಷ ಪಕ್ಕದ ಓಣಿಯ ಬಿಶಿ ಮುಳುಗಿತು. ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದರು. ಕಟ್ಟಿದವರ ಕೈಯಲ್ಲಿ ಒಂದು ರಸೀದಿಯೂ ಇರಲಿಲ್ಲ. ನಮ್ಮದು ಉಳಿದದ್ದು ನಮ್ಮ ಜಾಣತನದಿಂದಲ್ಲ, ನಡೆಸಿದ ಮುದುಕಿ ಒಳ್ಳೆಯವಳಿದ್ದಳು ಅಷ್ಟೇ.

ಕೈಗಡದ ಬಡ್ಡಿ ಸಾಲವನ್ನು ಲೆಕ್ಕಕ್ಕೇ ಹಿಡಿದಿಲ್ಲ. ನೂರಕ್ಕೆ ಐದು, ಅದೂ ತಿಂಗಳಿಗೆ. ವರ್ಷಕ್ಕೆ 60. ಒಮ್ಮೆ ಮಾವನವರನ್ನು ಆಸ್ಪತ್ರೆಗೆ ಹಾಕಿದಾಗ 10,000 ತಂದಿದ್ದೆ. ಎರಡು ತಿಂಗಳಿಗೆ 1,000 ಹೋಯಿತು. ಜೋಳಕ್ಕೆ ಅಂತ ಅಲ್ಲಿಗೆ ಹೋದರೆ ರೊಟ್ಟಿ ಅವರಿಗೇ ಬಡಿದುಕೊಟ್ಟಂತೆ.

ಇನ್ನು ಫೈನಾನ್ಸ್. ನಮ್ಮ ಕಡೆ ಮೈಕ್ರೋಫೈನಾನ್ಸ್ ಅಂತ ಯಾರೂ ಅನ್ನುವುದಿಲ್ಲ. ಫೈನಾನ್ಸ್ ಅನ್ನುತ್ತಾರೆ, ಇಲ್ಲವೇ ಸಂಘ. ಈ ಸಂಘ ಅನ್ನುವ ಮಾತಿನಿಂದಲೇ ಅರ್ಧ ಗೊಂದಲ. ಹೆಂಗಸರೇ ಉಳಿಸಿ ನಡೆಸುವುದೂ ಸಂಘ, ಬಂಗಾರ ಇಟ್ಟುಕೊಳ್ಳುವ ಸೊಸೈಟಿಯೂ ಸಂಘ, ಬೈಕ್ ಮೇಲೆ ಬಂದು ಕಂತು ಒಯ್ಯುವ ಕಂಪನಿಯೂ ಸಂಘ.

2023ರ ಮಾರ್ಚ್‌ನಲ್ಲಿ ಓಣಿಯ ಎಂಟು ಹೆಂಗಸರು ಗುಂಪು ಮಾಡಿಕೊಂಡು ಒಂದು ಕಂಪನಿಯಲ್ಲಿ ತಲಾ 50,000 ತಗೊಂಡೆವು. ನಿಜ ಹೇಳಬೇಕು, ಆಗ ಬಹಳ ಖುಷಿಯಾಗಿತ್ತು. ಬ್ಯಾಂಕಿನಲ್ಲಿ ಅದುವರೆಗೆ ನನ್ನನ್ನು ಯಾರೂ ಕುರ್ಚಿ ಮೇಲೆ ಕೂರು ಅಂದಿರಲಿಲ್ಲ. ಇವರು ಕಟ್ಟೆಗೆ ಬಂದು ಅಕ್ಕಾ ಅಂದರು. ಜಾಮೀನು ಇಲ್ಲ, ಹೊಲದ ಉತಾರ ಇಲ್ಲ, ಬಂಗಾರ ಇಲ್ಲ. ಆಧಾರ್, ಫೋಟೋ, ಮನೆಯ ಆದಾಯ ಎಷ್ಟು ಅಂತ ನಾಲ್ಕು ಪ್ರಶ್ನೆ. ಐದನೇ ದಿನ ನನ್ನ ಹೆಸರಿನ ಖಾತೆಗೆ ದುಡ್ಡು.

ಖಾತೆಗೆ ಬಂದದ್ದು 48,250. ಸಂಸ್ಕರಣಾ ಶುಲ್ಕ, ಅದರ ಜಿಎಸ್‌ಟಿ, ನನಗೂ ಯಜಮಾನರಿಗೂ ವಿಮೆ ಅಂತ 1,750 ಮೊದಲೇ ಮುರಿದುಕೊಂಡಿದ್ದರು. ಕಂತು 2,650, 24 ತಿಂಗಳು, ಒಟ್ಟು 63,600. ಕೈಗೆ ಬಂದದ್ದಕ್ಕಿಂತ 15,350 ಜಾಸ್ತಿ. ಬಡ್ಡಿ ವರ್ಷಕ್ಕೆ 24 ಚಿಲ್ಲರೆ, ಉಳಿದ ಅಸಲಿನ ಮೇಲೆ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಈ ಬಡ್ಡಿಗೆ ಹಾಕಿದ್ದ ಮಿತಿ ತೆಗೆದುಬಿಟ್ಟಿದೆ, ಕಂಪನಿಗಳೇ ನಿರ್ಧರಿಸುತ್ತವೆ. ಆದರೂ ಜೋಳದಲ್ಲಿ ಕ್ವಿಂಟಲ್‌ಗೆ ಸಾವಿರ ಉಳಿಯುವವಳಿಗೆ, ಆ ಮೇಲೆ ರೊಟ್ಟಿಯ ಲಾಭ ಬೇರೆ ಇರುವವಳಿಗೆ, ಅದು ಹೊರಲಾಗದ ಭಾರವಲ್ಲ.

ಭಾರವಾದದ್ದು ತಾರೀಖು.

ಖಾನಾವಳಿಯವರು ನನಗೆ ದುಡ್ಡು ಕೊಡುವುದು 10ನೇ ತಾರೀಖು. ನಮ್ಮ ಸೆಂಟರ್ ಮೀಟಿಂಗ್, ಅಂದರೆ ಗುಂಪು ಸೇರಿ ಕಂತು ಕಟ್ಟುವ ದಿನ, ತಿಂಗಳ ಎರಡನೇ ಮಂಗಳವಾರ. 11, 12, 13ಕ್ಕೆ ಬಂದರೆ ಚಿಂತೆಯಿಲ್ಲ. 2023ರ ಆಗಸ್ಟ್‌ನಲ್ಲಿ ಅದು 8ಕ್ಕೇ ಬಂತು. ಇನ್ನೆರಡು ದಿನ ತಡೆಯಿರಿ ಅಂದೆ. ಫೀಲ್ಡಿನ ಹುಡುಗ, "ಅಕ್ಕಾ, ನನ್ನ ಕೈಯಲ್ಲಿಲ್ಲ, ಇವತ್ತೇ ಎಂಟ್ರಿ ಆಗಬೇಕು" ಅಂದ. ಅವನದೂ ತಪ್ಪಿಲ್ಲ, ಅವನಿಗೂ ಮೇಲಿನವರಿದ್ದಾರೆ. ವೈನಿ, ಅಂದರೆ ಅತ್ತಿಗೆಯ ಹತ್ತಿರ ಕೈಗಡ ತಂದು ಕಟ್ಟಿದೆ. ಎರಡೇ ದಿನದ ಮಟ್ಟಿಗೆ ಸಾಲದ ಮೇಲೊಂದು ಸಾಲ. ಆಮೇಲೆ 2024ರ ಜನವರಿಯಲ್ಲಿ 9ಕ್ಕೆ, ಏಪ್ರಿಲ್‌ನಲ್ಲಿ 9ಕ್ಕೆ, ಜುಲೈನಲ್ಲಿ 9ಕ್ಕೆ, ಅಕ್ಟೋಬರ್‌ನಲ್ಲಿ 8ಕ್ಕೆ. ಪ್ರತಿ ಸಲ ವೈನಿ ಮನೆ. ಗೃಹಲಕ್ಷ್ಮಿಯ 2,000 ಶುರುವಾದ ಮೇಲೆ ಕಂತಿಗೆ ಆಧಾರ ಆಯಿತು ಅಂದುಕೊಂಡೆ. ಅದು ಬರುವ ತಾರೀಖೂ ನಮ್ಮ ಕೈಯಲ್ಲಿಲ್ಲ ಅಲ್ವಾ.

ಇನ್ನೊಂದು ಮೊದಲ ತಿಂಗಳ ಕಥೆ. ಮಾರ್ಚ್‌ನಲ್ಲಿ ಜೋಳ ತುಂಬಿಸಿದ್ದೇನೆ, ಏಪ್ರಿಲ್‌ನಲ್ಲೇ ಕಂತು ಶುರು. ಜೋಳ ಇನ್ನೂ ಚೀಲದಲ್ಲೇ ಇದೆ, ರೊಟ್ಟಿ ಆಗಿಲ್ಲ. ಮೊದಲ ಎರಡು ಕಂತು ಸಾಲದ ದುಡ್ಡಿನಲ್ಲೇ ಕಟ್ಟಲು ತೆಗೆದಿಟ್ಟೆ. ಹೀಗಾಗಿ ಕೊಂಡದ್ದು 12 ಅಲ್ಲ, ಹತ್ತೂವರೆ ಕ್ವಿಂಟಲ್.

ಇದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಗುಂಪಿನ ಒಬ್ಬಾಕೆಯ ಗಂಡ ಕೂಲಿಗೆ ಗೋವಾಕ್ಕೆ ಹೋದ, ನಂತರ ಅವಳೂ ಹೋದಳು. ಮೂರು ಕಂತು ಬರಲಿಲ್ಲ. ಅವಳು ಬರುವವರೆಗೆ, ಇಲ್ಲವೇ ನಾವು ಸೇರಿಸಿ ಕಟ್ಟುವವರೆಗೆ ಮೀಟಿಂಗ್ ಮುಗಿಯುವುದಿಲ್ಲ ಅಂತ ನಮ್ಮನ್ನು ಕಟ್ಟೆ ಮೇಲೆ ಕೂರಿಸಿದರು. ಒಂದು ಮಂಗಳವಾರ ರಾತ್ರಿ ಎಂಟಾಯಿತು. ಒಲೆ ಹೊತ್ತಿಸಿಲ್ಲ, ಹಿಟ್ಟು ನಾದಿಲ್ಲ. ಕೊನೆಗೆ ತಲಾ 400 ಹಾಕಿ ಎದ್ದೆವು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕಾಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮದಲ್ಲಿದೆ. ಸಾಲಗಾರರ ನೆಂಟರು, ಗೆಳೆಯರನ್ನು ಪೀಡಿಸಬಾರದು ಅಂತಲೂ ಇದೆ. ನಮಗೆ ಅದು ಗೊತ್ತಾದದ್ದು ಬಹಳ ತಡವಾಗಿ.

ದೀಪಾವಳಿಗೆ ಅವಳು ಊರಿಗೆ ಬಂದಳು. ಬಾವಿ ಹತ್ತಿರ ನನ್ನನ್ನು ಕಂಡು ಇನ್ನೊಂದು ದಾರಿ ಹಿಡಿದಳು. ಅವಳ ಮಗುವಿನ ಬಾಣಂತನಕ್ಕೆ ಎರೆದವಳು ನಾನು. 400 ರೂಪಾಯಿಗೆ ನಾವಿಬ್ಬರೂ ಮುಖ ನೋಡದಂತಾಯಿತು. ಈ ಲೆಕ್ಕ ನೋಟ್‌ಬುಕ್‌ನಲ್ಲಿಲ್ಲ. ನಾನು ಫೈನಾನ್ಸ್ ಬಿಡಬೇಕು ಅಂತ ತೀರ್ಮಾನಿಸಿದ್ದು ಅವತ್ತೇ.

ಬಿಡುವುದು ಅಂದರೆ ಕಟ್ಟದೆ ಬಿಡುವುದಲ್ಲ. 2025ರ ಜನವರಿಯಲ್ಲಿ ರಾಜ್ಯದ ತುಂಬ ಕಿರುಕುಳದ ಸುದ್ದಿ, ಊರು ಬಿಟ್ಟವರ ಸುದ್ದಿ, ಜೀವ ಕಳೆದುಕೊಂಡವರ ಸುದ್ದಿ. ಫೆಬ್ರವರಿ 12ಕ್ಕೆ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನಮ್ಮ ಓಣಿಯಲ್ಲಿ ಅದು "ಎಲ್ಲ ಸಾಲ ಮನ್ನಾ" ಅಂತ ಹರಡಿತು. ಹಾಗಿಲ್ಲ. ನೋಂದಣಿಯೇ ಇಲ್ಲದವರು ಬಡವರಿಗೆ ಕೊಟ್ಟ ಸಾಲಕ್ಕೆ ಮಾತ್ರ ಆ ಮಾತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಕಟ್ಟಲೇಬೇಕು, ಇಲ್ಲದಿದ್ದರೆ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಹೆಸರು ಕೆಡುತ್ತದೆ. ಆಗ ಕಂತು ನಿಲ್ಲಿಸಿದ ಇಬ್ಬರಿಗೆ ಈಗ ಬ್ಯಾಂಕಿನಲ್ಲಿ ಹೈನುಗಾರಿಕೆ ಸಾಲವೂ ಸಿಗುತ್ತಿಲ್ಲ. ನಾನು ಮಾರ್ಚ್‌ನಲ್ಲಿ ಕೊನೆಯ ಕಂತು ಕಟ್ಟಿ, ಸಾಲ ಮುಗಿದ ಪತ್ರ ಕೇಳಿ ತಗೊಂಡೆ. ಅದೇ ಹುಡುಗ "ಮುಂದಿನ ಸುತ್ತಿನ ಸಾಲ 70,000 ಸಿಗುತ್ತೆ ಅಕ್ಕಾ" ಅಂದ. ಬೇಡ ಅಂದೆ. ಅವನಿಗೆ ಆಶ್ಚರ್ಯ. ಎಲ್ಲ ಕಂತು ಸರಿಯಾಗಿ ಕಟ್ಟಿದವಳು ಯಾಕೆ ಬಿಡುತ್ತಾಳೆ ಅಂತ.

ಬೇಡ ಅಂದವರಿಗಿಂತ ಬೇಕೆಂದರೂ ಸಿಗದವರು ನಮ್ಮ ಓಣಿಯಲ್ಲಿ ಜಾಸ್ತಿ. ನಾಲ್ಕೈದು ಕಂಪನಿಯಲ್ಲಿ ತಗೊಂಡು, ಒಂದರ ದುಡ್ಡಿನಲ್ಲಿ ಇನ್ನೊಂದರ ಕಂತು ಕಟ್ಟುತ್ತಿದ್ದವರಿದ್ದರು. 2025ರ ಏಪ್ರಿಲ್‌ನಿಂದ ಕಂಪನಿಗಳ ಒಕ್ಕೂಟವೇ ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ಕಡೆ ಸಾಲ ಬೇಡ ಅಂತ ನಿಯಮ ಬಿಗಿ ಮಾಡಿತು. ನಿಯಮ ಸರಿಯೇ. ಆದರೆ ತಿರುಗುತ್ತಿದ್ದ ಚಕ್ರ ಒಮ್ಮೆಲೇ ನಿಂತಾಗ ಮೇಲೆ ಕೂತವರು ಕೆಳಗೆ ಬಿದ್ದರು.

ಮಹಿಳಾ ಸಂಘ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಬಡ್ಡಿ ಕಡಿಮೆ, ಕಾಯುವುದು ಜಾಸ್ತಿ. ನಮ್ಮದು ಸರ್ಕಾರದ ಸಂಜೀವಿನಿ ಯೋಜನೆಯ ಸಂಘ, 12 ಜನ. ವಾರಕ್ಕೆ 50 ರೂಪಾಯಿ ಉಳಿತಾಯ, ವಾರದ ಸಭೆ, ಒಳಗೊಳಗೇ ಸಾಲ, ಮರುಪಾವತಿ, ಪುಸ್ತಕ ಬರೆಯುವುದು. ಈ ಐದನ್ನು ಪಂಚಸೂತ್ರ ಅನ್ನುತ್ತಾರೆ. ಕನಿಷ್ಠ ಆರು ತಿಂಗಳು ಹೀಗೆ ನಡೆದ ಮೇಲೆ ಬ್ಯಾಂಕ್ ಸಾಲದ ಮಾತು. ನಮಗೆ ಅದರ ಮೇಲೆ ಇನ್ನೂ ಮೂರು ತಿಂಗಳು ಹಿಡಿಯಿತು. ಠರಾವಿನಲ್ಲಿ ಒಂದು ಸಹಿ ತಪ್ಪಿದೆ ಅಂತ ಎರಡು ಸಲ ವಾಪಸ್ ಕಳಿಸಿದರು. ಮಾರ್ಚ್‌ಗೆ ಬೇಕಿದ್ದ ದುಡ್ಡು ಬಂದದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಜೋಳ ಏರಿತ್ತು.

ಸಂಘಕ್ಕೆ ಬಂದದ್ದು 3 ಲಕ್ಷ, ನನ್ನ ಪಾಲು 25,000. ಬ್ಯಾಂಕಿನ ಬಡ್ಡಿ ವರ್ಷಕ್ಕೆ 7. ನಾವು ಒಳಗೆ ತಿಂಗಳಿಗೆ ನೂರಕ್ಕೆ ಒಂದರಂತೆ ತಗೊಂಡೆವು, ಮಿಕ್ಕದ್ದು ಸಂಘದ ಗಂಟಿಗೆ. ತಿಂಗಳಿಗೆ 1,000 ಅಸಲು, ಉಳಿದದ್ದಕ್ಕೆ ಬಡ್ಡಿ. 25 ತಿಂಗಳಿಗೆ ಒಟ್ಟು ಬಡ್ಡಿ 3,250, ಅದರಲ್ಲೂ ಒಂದು ಪಾಲು ನಮ್ಮದೇ ಗಂಟಿನಲ್ಲಿರುತ್ತದೆ. ಫೈನಾನ್ಸ್‌ನಲ್ಲಿ ಇಷ್ಟೇ ದುಡ್ಡಿಗೆ, ಅದಕ್ಕಿಂತ ಒಂದು ತಿಂಗಳು ಕಡಿಮೆ ಅವಧಿಗೆ, ಏಳೂವರೆ ಸಾವಿರದ ಮೇಲೆ ಹೋಗಿತ್ತು. ಇಲ್ಲೂ ಒಬ್ಬರು ತಪ್ಪಿದರೆ ಉಳಿದವರೇ ನೋಡಬೇಕು. ಆದರೆ ಕಂತಿನ ದಿನ ನಾವೇ ಇಟ್ಟದ್ದು. 10ಕ್ಕೆ ಖಾನಾವಳಿ, 11ಕ್ಕೆ ಕಂತು. ಒಂದು ತಿಂಗಳು ನಾನೇ ತಪ್ಪಿದೆ. ಗಂಟಿನಿಂದ ಹಾಕಿ ಬರೆದುಕೊಂಡರು, ಮುಂದಿನ ತಿಂಗಳು ಕೊಟ್ಟೆ. ಬೈಗುಳ ಇರಲಿಲ್ಲ ಅಂತಲ್ಲ. ಅಧ್ಯಕ್ಷೆ ನನ್ನ ದೊಡ್ಡಮ್ಮನ ಮಗಳು, ಚೆನ್ನಾಗಿಯೇ ಬೈದಳು.

ಕೊನೆಯದು ಬೋರಮಾಳ, ನನ್ನ ಬಂಗಾರದ ಮಣಿ ಸರ. 2025ರ ಮಾರ್ಚ್‌ನಲ್ಲಿ ಅದನ್ನು ಪತ್ತಿನ ಸಂಘದಲ್ಲಿ, ಅಂದರೆ ಸೊಸೈಟಿಯಲ್ಲಿ, ಅಡವಿಟ್ಟೆ. ಪತ್ತಿನ ಸಂಘ ನಮ್ಮ ಸೀಮೆಗೆ ಹೊಸದಲ್ಲ, 1905ರಲ್ಲೇ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಶುರುವಾಗಿತ್ತು. ಅಕ್ಕಸಾಲಿಗ ಮಣಿ ಕೈಯಲ್ಲಿ ಹಿಡಿದು, "ಒಳಗೆ ಅರಗು ಇದೆಯಮ್ಮಾ" ಅಂತ ಮೂರು ಗ್ರಾಂ ಕಳೆದ. ಮದುವೆಯಿಂದ ಅದನ್ನು ಬಂಗಾರ ಅಂತಲೇ ತೂಗುತ್ತಿದ್ದವಳಿಗೆ ಸ್ವಲ್ಪ ಬೇಜಾರಾಯಿತು. ಆದರೂ ಅರ್ಧ ಗಂಟೆಯಲ್ಲಿ 50,000 ಕೈಗೆ. ಬಡ್ಡಿ ವರ್ಷಕ್ಕೆ 12, ತಿಂಗಳಿಗೆ 500. ಕಂತಿಲ್ಲ, ಮೀಟಿಂಗ್ ಇಲ್ಲ, ಯಾರ ಗೋವಾ ಪ್ರಯಾಣವೂ ನನಗೆ ತಾಗುವುದಿಲ್ಲ. ಒಂಬತ್ತು ತಿಂಗಳಿಗೆ, ಡಿಸೆಂಬರ್‌ನಲ್ಲಿ 54,500 ಕಟ್ಟಿ ಬಿಡಿಸಿಕೊಂಡೆ. 12 ಕ್ವಿಂಟಲ್ ಪೂರ್ತಿ ಬಂದದ್ದು ಆ ವರ್ಷ ಮಾತ್ರ.

ಇದರಲ್ಲೂ ಮುಳ್ಳಿದೆ. ಕಂತಿಲ್ಲದ ಸಾಲ ಮರೆತುಹೋಗುತ್ತದೆ. ನಾನು ಒಂದು ಡಬ್ಬಿಗೆ ದಿನಕ್ಕೆ 200 ಹಾಕದಿದ್ದರೆ ಡಿಸೆಂಬರ್‌ನಲ್ಲಿ ಬಾಯಿ ಬಾಯಿ ಬಿಡಬೇಕಿತ್ತು. ನಮ್ಮ ನೆಂಟರೊಬ್ಬರ ಪಾಟ್ಲಿ ಹೀಗೇ ಹರಾಜಿಗೆ ಹೋಗಿದೆ. ಸೊಸೈಟಿಯ ಪರಿಸ್ಥಿತಿಯನ್ನೂ ವಿಚಾರಿಸಿಯೇ ಇಡಬೇಕು. ಎಲ್ಲಕ್ಕಿಂತ ದೊಡ್ಡದು, ಇಡಲು ಬಂಗಾರ ಇರಬೇಕು. ಫೈನಾನ್ಸ್‌ನ ನಮ್ಮ ಗುಂಪಿನ ಎಂಟು ಜನರಲ್ಲಿ ಐದು ಜನಕ್ಕೆ ತಾಳಿಯ ಗುಂಡು ಬಿಟ್ಟರೆ ಬೇರೆ ಬಂಗಾರ ಇಲ್ಲ. ಬೋರಮಾಳ ಇಡು ಅಂತ ಅವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅವರಲ್ಲಿ ಇಬ್ಬರು ಮತ್ತೆ ಫೈನಾನ್ಸ್‌ಗೇ ಹೋಗಿದ್ದಾರೆ. ಅವರ ಕಂಪನಿ ಕಂತಿನ ದಿನವನ್ನು ಸಾಲ ಕೊಡುವಾಗಲೇ ಕೇಳಿ ಇಟ್ಟಿದೆಯಂತೆ. ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಈ ಸಲ ನಾನು ಎರಡನ್ನೂ ಸೇರಿಸಿದ್ದೇನೆ. ಸಂಘದ ಅರ್ಜಿಯನ್ನು ದಸರೆಗೇ ಕೊಟ್ಟೆವು, ಮಾರ್ಚ್ ಹೊತ್ತಿಗೆ 25,000 ಬಂತು. ಉಳಿದದ್ದಕ್ಕೆ ಬೋರಮಾಳ ಮತ್ತೆ ಒಳಗೆ ಹೋಗಿದೆ. ಮೇ ತಿಂಗಳಲ್ಲಿ ತಂಗಿಯ ಮಗಳ ಮದುವೆ, ಅಷ್ಟರಲ್ಲಿ ಬಿಡಿಸಬೇಕು. ಗೋವಾದಿಂದ ಅವಳೂ ಬರುತ್ತಾಳಂತೆ. ಮದುವೆಯ ರೊಟ್ಟಿ 600 ನನ್ನದೇ.